ಭಜಿ ಎಣ್ಣೆಯ ಡೀಸೆಲ್

ಮಾಸ್ತರಿಕೆ ಎಂದರೆ ತಾನು ಎಂದೂ ಮಾಡದ ಕೆಲಸವನ್ನು ಇನ್ನೊಬ್ಬರಿಗೆ ಧೈರ್ಯವಾಗಿ ಹೇಳಿಕೊಡುವ ಉದ್ಯೋಗ. ಬೇರೆ ಮಾಸ್ತರರು ಸಿಟ್ಟಾಗಬಾರದು. ಈ ಮಾತನ್ನು ನನ್ನ ಮೈಮೇಲೆ ಹಾಕಿಕೊಂಡೇ ಹೇಳುತ್ತಿದ್ದೇನೆ. ಈಜು ಬಾರದವನು ಈಜು ಕಲಿಸಲು ಹೋದರೆ ಮೊದಲ ದಿನವೇ ಬಣ್ಣ ಬಯಲಾಗುತ್ತದೆ. ಅಡುಗೆ ಬಾರದವನು ಅಡುಗೆ ಕಲಿಸಿದರೆ ಮೊದಲ ತುತ್ತಿಗೇ ಸಿಕ್ಕಿಬೀಳುತ್ತಾನೆ. ನಮ್ಮ ರಸಾಯನಶಾಸ್ತ್ರದಲ್ಲಿ ಆ ಹೆದರಿಕೆಯಿಲ್ಲ. ಹಲಗೆಯ ಎಡಕ್ಕೆ ಎರಡು ಪದಾರ್ಥ ಬರೆದು, ನಡುವೆ ಒಂದು ಬಾಣ ಎಳೆದು, ಬಲಕ್ಕೆ ಇನ್ನೆರಡು ಪದಾರ್ಥ ಬರೆದರೆ ಮುಗಿಯಿತು. ಹೊಗೆಯಿಲ್ಲ, ನಾತವಿಲ್ಲ, ಕೈ ಸುಡುವುದಿಲ್ಲ. ಬಾಣ ಎಳೆದ ಮೇಲೆ ಎಡಗಡೆಯ ಪದಾರ್ಥಗಳು ತಕರಾರಿಲ್ಲದೆ ಬಲಗಡೆಯ ಪದಾರ್ಥಗಳಾಗಲೇಬೇಕು. ಇಂಥ ಬಾಣಗಳನ್ನು ನಾನು ಇಂಡಿಯಲ್ಲಿ ಎಳೆದೆ, ಸಿಂದಗಿಯಲ್ಲಿ ಎಳೆದೆ, ಬಸವನ ಬಾಗೇವಾಡಿಯಲ್ಲಂತೂ ಕೈ ನೋಯುವ ತನಕ ಎಳೆದೆ. ಮುದ್ದೇಬಿಹಾಳದ ಡಿಗ್ರಿ ಕಾಲೇಜಿನಲ್ಲಿ ನಿವೃತ್ತಿಗೆ ನಾಲ್ಕೇ ತಿಂಗಳು ಉಳಿದಾಗಲೂ ಎಳೆಯುತ್ತಲೇ ಇದ್ದೆ.

ಆ ಬಾಣಗಳಲ್ಲಿ ನನಗೆ ಬಲು ಪ್ರೀತಿಯದು ಬಯೋಡೀಸೆಲ್ಲಿನದು. 'ಇಂಧನಗಳು' ಎಂಬ ಪಾಠದ ಕೊನೆಗೆ ಅದು ಬರುತ್ತದೆ. ಕರಿದು ಬಿಟ್ಟ ಅಡುಗೆ ಎಣ್ಣೆ ಇರಲಿ, ಕುರಿಯ ಕೊಬ್ಬು ಇರಲಿ, ಅದಕ್ಕೆ ಮೆಥನಾಲ್ ಎಂಬ ಸ್ಪಿರಿಟ್ಟು ಮತ್ತು ಚಿಟಿಕೆ ಕಾಸ್ಟಿಕ್ ಸೋಡಾ ಸೇರಿಸಿ, ಬೆಚ್ಚಗೆ ಇಟ್ಟು ಕಲಕಿದರೆ, ಮೇಲೆ ಡೀಸೆಲ್ ತೇಲುತ್ತದೆ, ಕೆಳಗೆ ಗ್ಲಿಸರಿನ್ ಇಳಿಯುತ್ತದೆ. ಇದನ್ನು ಹೇಳುವಾಗ ನನ್ನ ಧ್ವನಿ ತಾನಾಗಿಯೇ ಏರುತ್ತಿತ್ತು. "ನಾಳೆ ನಿಮ್ಮ ಮನೆಯ ಬಾಣಲೆಯಲ್ಲಿ ಉಳಿದ ಎಣ್ಣೆಯಿಂದಲೇ ನಿಮ್ಮ ಟ್ರ್ಯಾಕ್ಟರ್ ಓಡುತ್ತದೆ" ಎಂದು ಕೈ ಎತ್ತಿ ಹೇಳಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ಕಣ್ಣು ಬಿಡುತ್ತಿದ್ದರು. ಕಣ್ಣು ಬಿಟ್ಟವರು ಮತ್ತೆ ಮುಚ್ಚುವುದರೊಳಗೆ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಹಾಗೆ ಕಣ್ಣು ಬಿಟ್ಟವರಲ್ಲಿ ತಂಗಡಗಿಯ ಯಮನಪ್ಪನೂ ಒಬ್ಬ. ಕುರುಬರ ಮನೆಯ ಹುಡುಗ, ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು. ಬಿ.ಎಸ್ಸಿ.ಯಲ್ಲಿ ಮಿಕ್ಕೆಲ್ಲ ವಿಷಯ ಪಾಸಾಗಿ ಕೆಮಿಸ್ಟ್ರಿಯೊಂದರಲ್ಲಿ, ಅಂದರೆ ನನ್ನ ವಿಷಯದಲ್ಲಿ, ಎರಡು ಸಲ ಫೇಲಾದ. ಮೂರನೆಯ ಸಲ ಪರೀಕ್ಷೆಗೆ ಕಟ್ಟದೆ ಹೊಲಕ್ಕೆ ಹೋದ. ಹೊಳೆಯ ದಂಡೆಗೆ ಅವರದು ನಾಲ್ಕು ಎಕರೆ, ಒಂದು ಕುರಿ ಹಿಂಡು, ಮತ್ತು ಅವನ ತಂದೆ ತಂದ ಹಳೆಯ ಡೀಸೆಲ್ ಇಂಜಿನ್. ಕರೆಂಟು ಕೈಕೊಟ್ಟಾಗೆಲ್ಲ ಕೃಷ್ಣೆಯ ನೀರನ್ನು ಉಳ್ಳಾಗಡ್ಡಿಗೆ ಎತ್ತಿಕೊಡುವುದು ಆ ಇಂಜಿನ್ನೇ.

ಕಳೆದ ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಅವ್ವನನ್ನು ಹೊಳೆಯ ಸ್ನಾನಕ್ಕೆಂದು ತಂಗಡಗಿಗೆ ಕರೆದುಕೊಂಡು ಹೋಗಿದ್ದೆ. ನನ್ನ ಅವ್ವನಿಗೆ ಎಂಬತ್ನಾಲ್ಕು ವರ್ಷ. ಮನೆಯ ಯಜಮಾನಿಕೆಯನ್ನೆಲ್ಲ ಸೊಸೆಗೆ ಬಿಟ್ಟುಕೊಟ್ಟರೂ ಮಡಿಯ ಖಾತೆಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡವಳು. ಅವಳು ಹೊಳೆಯಲ್ಲಿ ಮುಳುಗಿ ಎದ್ದು ಜಪಕ್ಕೆ ಕೂತಾಗ ನಾನು ಬದುವಿನ ಮೇಲೆ ಅಡ್ಡಾಡುತ್ತಿದ್ದೆ. ಭೂತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತ ಮಂದಿಯಿಂದ ಒಬ್ಬ ಎದ್ದು ಓಡಿ ಬಂದ. ಯಮನಪ್ಪ. ನಡು ವಯಸ್ಸಾಗಿದೆ, ಮೀಸೆ ದಪ್ಪಗಾಗಿದೆ, ಆದರೂ ನನ್ನ ಮುಂದೆ ನಿಂತಾಗ ಅದೇ ಹುಡುಗ.

"ಆರಾಮ ಅದೀರೇನ್ರಿ ಸರ? ಬರ್ರಿ, ಒಂದ್ ತುತ್ತ ಉಂಡು ಹೋಗ್ರಿ" ಎಂದ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತ ಕೂತಿದ್ದಾಗ ಅವನ ಇಂಜಿನ್ ಕಡೆ ನೋಡಿ, ಆಡಿದರೆ ಏನೂ ಕಳೆಯದ ಒಂದು ಮಾತು ಆಡಿದೆ: "ಇನ್ನೂ ಡೀಸೆಲ್ ಮ್ಯಾಲೇ ಓಡಸ್ತೀ ಏನಪಾ?"

"ಮತ್ಯಾತರ ಮ್ಯಾಲ ಓಡಸಲ್ರಿ? ಅಂದಂಗ ಸರ, ನೀವು ಕ್ಲಾಸಿನ್ಯಾಗ ಹೇಳತಿದ್ರಲ್ಲ, ಕರದ ಎಣ್ಣಿಲೆ ಡೀಸಲ್ ಆಗತೈತಿ ಅಂತ. ಅದು ಖರೇನ ಆಗತೈತೇನ್ರಿ?"

"ಆಗತದಪಾ, ಯಾಕ ಆಗೂದಿಲ್ಲ?"

"ನೀವು ಮಾಡೀರೇನ್ರಿ?"

ಅವನ ಮುಖದಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನಾನು ಬೈದು ಪಾರಾಗುತ್ತಿದ್ದೆ. ಬರೀ ತಿಳಿದುಕೊಳ್ಳುವ ಆಸೆ, ಇಪ್ಪತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡ ಪ್ರಶ್ನೆ. ಇಲ್ಲ ಎಂಬ ಎರಡಕ್ಷರ ನನ್ನ ಬಾಯಿಂದ ಬರಲಿಲ್ಲ. ಅದರ ಬದಲು, "ಅದೇನು ದೊಡ್ಡ ಕೆಲಸ? ಒಂದು ಕ್ಯಾನ್ ಮಾಡಿ ತಂದು ಕೊಡ್ತೀನಿ, ಹಾಕಿ ನೋಡು" ಎಂದುಬಿಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತಿಳಿದವರು ಸುಮ್ಮನೆ ಹೇಳಿಲ್ಲ. ಯಮನಪ್ಪ ಎರಡೂ ಕೈ ಮುಗಿದು, "ನೀವು ಮಾಡಿದ್ದಂದ್ರ ನಮ್ಮಪ್ಪನ ಇಂಜಿನ್ನಿಗೆ ಕಣ್ಣ ಮುಚ್ಚಿ ಹಾಕ್ತೇನಿ ಸರ" ಎಂದ. ಅವನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಸುವುದನ್ನು ನಿಲ್ಲಿಸಿ, "ಸಾಲಿ ಸರ ಅಂದ್ರ ಸಾಲಿಗಿ ಸರ. ಇಂಜಿನ್ನಿಗಲ್ಲ. ಅದು ಕೆಟ್ರ ಉಳ್ಳಾಗಡ್ಡಿಗಿ ನೀರ ಯಾರ ಹಾಕ್ತಾರ?" ಎಂದಳು. ಅವಳ ಮಾತು ಖರೆ ಎಂದು ನನಗೆ ಆಗಲೇ ಅನಿಸಿತ್ತು.

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ನಾಲ್ಕು ತಿಂಗಳು. ಅಷ್ಟರೊಳಗೆ ಜೀವಮಾನದಲ್ಲಿ ಒಮ್ಮೆ, ಒಂದೇ ಒಂದು ಸಲ, ಹಲಗೆಯ ಮೇಲೆ ಎಳೆದ ಬಾಣವನ್ನು ಕೈಯಿಂದ ಎಳೆದು ತೋರಿಸಬೇಕು. ಇಲ್ಲವಾದರೆ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬರುವವನು ಸೀಮೆಸುಣ್ಣದ ಕೆಮಿಸ್ಟ್ರಿಯವನು, ಅಷ್ಟೇ. ಈ ವಿಚಾರ ಬಂದ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಹೆಂಡತಿ ಸುಮತಿ, "ಚರಗದ ಊಟ ಜಗ್ಗಿ ಆಗೇದ" ಎಂದು ಓಮಿನಕಾಳು ಕೊಟ್ಟಳು.

ಮೊದಲ ಕೆಲಸ ಎಣ್ಣೆ ಹೊಂದಿಸುವುದು. ಬಸ್‌ಸ್ಟ್ಯಾಂಡಿನ ಹತ್ತಿರ ಶಾಂತವ್ವನ ಭಜಿ ಅಂಗಡಿ ಇದೆ. ಅವಳ ಮಿರ್ಚಿ ಭಜಿ ತಿನ್ನಲು ತಾಳಿಕೋಟೆಯ ಬಸ್ಸಿನವರೂ ಎರಡು ನಿಮಿಷ ಹೆಚ್ಚು ನಿಲ್ಲುತ್ತಾರೆ. ನಾನು ಹೋಗಿ, ಸಾಧ್ಯವಾದಷ್ಟು ಮೆಲ್ಲಗೆ, "ಶಾಂತವ್ವಾ, ನಿನ್ನ ಹತ್ರ ಹಳೀ ಎಣ್ಣಿ ಅದ ಏನು?" ಎಂದು ಕೇಳಿದೆ. ಕೈಯಲ್ಲಿ ಖಾಲಿ ಕ್ಯಾನು, ಕಿಸೆಯಲ್ಲಿ ಪೆನ್ನು, ಕಣ್ಣಿಗೆ ಕನ್ನಡಕ. ಆಕೆ ನನ್ನನ್ನು ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವನೆಂದು ತಿಳಿದಳು. "ನಮ್ಮಲ್ಲಿ ಹಳೀ ಎಣ್ಣಿ ಅನ್ನೂದs ಇಲ್ರಿ ಸಾಹೇಬ್ರ. ಮುಂಜಾನಿಂದು ಸಂಜೀಕ ಇರೂದಿಲ್ಲ" ಎಂದು ಕಡಾಯಿಯ ಮುಂದೆ ಅಡ್ಡ ನಿಂತಳು. ನಾನು ಮಾಸ್ತರ, ಇಂಜಿನ್ನಿಗೆ ಬೇಕಾಗಿದೆ, ಎಂದು ತಿಳಿಸಿ ಹೇಳಲು ಕಾಲು ಗಂಟೆ ಹಿಡಿಯಿತು. ತಿಳಿದ ಮೇಲೆ ಆಕೆ ನಕ್ಕಿದ್ದು ಬಸ್‌ಸ್ಟ್ಯಾಂಡಿನ ಆ ತುದಿಗೆ ಕೇಳಿಸಿತು. "ಅಯ್ಯ ಶಿವನ! ಮಂದಿ ತಿನ್ನೂದು ಸಾಲಂಗಿಲ್ಲಂತ ಇಂಜಿನ್ನಿಗೂ ತಿನಸ್ತೀರಿ? ಒಯ್ರಿ, ಹೆಂಗೂ ಚೆಲ್ಲಾಕ ಇಟ್ಟಿದ್ದು. ಖರೆ ಬರೇಗೈಲೆ ಒಯ್ಯಬಾರ್ದು, ಒಂದ್ ಪ್ಲೇಟ್ ಮಿರ್ಚಿ ತಿಂದು ಒಯ್ಯಬೇಕು."

ಆ ಕರಾರಿನ ಪ್ರಕಾರ ಮುಂದಿನ ಮೂರು ತಿಂಗಳಲ್ಲಿ ನಾನು ತಿಂದ ಮಿರ್ಚಿಗೆ ಲೆಕ್ಕವಿಲ್ಲ. ವಿಜ್ಞಾನಕ್ಕಾಗಿ ಹೊಟ್ಟೆ ಸುಟ್ಟುಕೊಂಡವರ ಪಟ್ಟಿ ಯಾರಾದರೂ ಮಾಡಿದರೆ ನನ್ನ ಹೆಸರು ಮೇಲೆಯೇ ಬರಬೇಕು.

ಕ್ಯಾನು ಮನೆಗೆ ಬಂದದ್ದೇ ಅವ್ವ ತಡೆದಳು. "ಏನದು ಪಾಂಡ್ಯಾ?" ನನ್ನ ಹೆಸರು ಪಾಂಡುರಂಗ, ಕಾಲೇಜಿನಲ್ಲಿ ಪಾಂಡುರಂಗ ಸರ್. ಮನೆಯಲ್ಲಿ ಅರವತ್ತಕ್ಕೆ ಬಂದರೂ ಪಾಂಡ್ಯಾ.

"ಎಣ್ಣಿ ಅವ್ವಾ. ಪ್ರಯೋಗಕ್ಕ."

"ಯಾರ ಮನೀದು? ಏನೇನು ಕರದಾರ ಅದರಾಗ?"

"ಬರೇ ಮೆಣಸಿನಕಾಯಿ."

"ಉಳ್ಳಾಗಡ್ಡಿ ಇಲ್ಲೇನು?"

ನಾನು ಆಕಾಶ ನೋಡಿದೆ. ಅವ್ವ ಬಹಳ ಹೊತ್ತು ನನ್ನನ್ನೇ ನೋಡಿ, "ಒಳಗ ತರಬ್ಯಾಡ. ಹಿತ್ತಲ ಕ್ವಾಣ್ಯಾಗ ಇಡು" ಎಂದಳು. ಹಿತ್ತಲ ಕೋಣೆ ಎಂದರೆ ಬಾವಿಯ ಪಕ್ಕದ್ದು, ಹಳೆಯ ಹಂಡೆ, ಹರಕು ಚಾಪೆ, ನನ್ನ ಸೈಕಲ್ಲು ಇರುವ ಜಾಗ. ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ನನಗೆ ಖುಷಿಯೇ ಆಯಿತು.

ಪ್ರಾಚಾರ್ಯರ ಒಪ್ಪಿಗೆ ಪಡೆದು ಮೆಥನಾಲ್ ತಂದೆ, ಕಾಸ್ಟಿಕ್ ಸೋಡಾ ತಂದೆ, ಥರ್ಮಾಮೀಟರ್ ತಂದೆ. ಒಂದು ಭಾನುವಾರ, ಬಾಗಿಲು ಕಿಟಕಿ ತೆರೆದಿಟ್ಟು, ಬಿಸಿನೀರಿನ ಬೋಗುಣಿಯಲ್ಲಿ ಎಣ್ಣೆಯ ಪಾತ್ರೆ ಕೂಡಿಸಿ, ಒಂದು ತಾಸು ಕಲಕಿದೆ. ಗಾಜಿನ ಬರಣಿಗೆ ಸುರುವಿ, ಎರಡು ಪದರ ಆಗುವುದನ್ನು ಕಾಯುತ್ತ ಸ್ಟೂಲಿನ ಮೇಲೆ ಕೂತೆ. ಪದರ ಆಗಲಿಲ್ಲ. ಅದರ ಬದಲು ಎಲ್ಲವೂ ಬೆಳ್ಳಗೆ ಗಟ್ಟಿಯಾಗುತ್ತ ಹೋಯಿತು. ಸಂಜೆ ಸುಮತಿ ಬಂದು ಇಣುಕಿ, "ಏನ್ರೀ, ಕಡ್ಲಿಹಿಟ್ಟಿನ ಪಿಟ್ಲ ಆಗೇದಲ್ರೀ ಇದು! ಇದಕ್ಕೊಂದು ಒಗ್ಗರಣಿ ಕೊಡ್ಲೇನು?" ಎಂದಳು.

ನನಗೆ ಗೊತ್ತಾಗಿಹೋಯಿತು. ಡೀಸೆಲ್ ಆಗಬೇಕಾದ್ದು ಸಾಬೂನಾಗಿತ್ತು. ಸೋಡಾ ಹೆಚ್ಚಾದರೆ ಹಾಗಾಗುತ್ತದೆ. ಎರಡನೆಯ ವಾರ ಸೋಡಾ ಕಡಿಮೆ ಮಾಡಿದೆ, ಸಾಬೂನು. ಮೂರನೆಯ ವಾರ ಹನಿ ಹನಿ ಎಣಿಸಿ, ಉಸಿರು ಬಿಗಿಹಿಡಿದು ತೂಗಿ ಹಾಕಿದೆ. ಇನ್ನೂ ಚೆಂದದ ಸಾಬೂನು. ಸುಮತಿ ಅದರಲ್ಲಿ ಒಂದು ಗಡ್ಡೆ ಒಯ್ದು ಹಬ್ಬದ ಕರಕಲು ಕಡಾಯಿ ತಿಕ್ಕಿದಳು. ಹದಿನೈದು ವರ್ಷದ ಕರಕಲು ಬಿಟ್ಟು ಕಡಾಯಿ ಅಂಗಡಿಯಿಂದ ತಂದಾಗಿನಂತೆ ಹೊಳೆಯಿತು. ಪಕ್ಕದ ಮನೆಯವರು ಅದನ್ನು ನೋಡಿದರು. ಅಲ್ಲಿಂದ ಶುರುವಾಯಿತು. ನಾನು ಕಾಲೇಜಿಗೆ ಹೊರಟರೆ ಓಣಿಯ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು, "ಸರ್, ಸಾಬೂನು ಇನ್ನೊಂದೀಟು ಯಾವಾಗ ಮಾಡ್ತೀರಿ?" ಎಂದು ಕೇಳುವರು. ಒಬ್ಬರಾದರೂ ಡೀಸೆಲ್ ಬಗ್ಗೆ ಕೇಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಹಿಗ್ಗಿ ಸಾಬೂನಿನ ವ್ಯಾಪಾರ ಹೂಡುತ್ತಿದ್ದರು. ನನಗೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತೆ ಆಗುತ್ತಿತ್ತು. ಅದರಲ್ಲಿ ಮಿರ್ಚಿಯ ಪಾಲೂ ಇತ್ತೆನ್ನಿ.

ಈ ನಡುವೆ ಯಮನಪ್ಪ ಸಂತೆಗೆ ಬಂದಾಗ ಸಿಕ್ಕ. "ಸರ, ಎಲ್ಲಿ ತನಕ ಬಂತ್ರಿ?" ಎಂದ. ಸುಳ್ಳು ಹೇಳಲಾಗದೆ ಎಲ್ಲ ಹೇಳಿದೆ. ಅವನು ಸ್ವಲ್ಪ ವಿಚಾರ ಮಾಡಿ, "ಕೊಬ್ಬಿಲೇನೂ ಆಗತೈತಿ ಅಂತಿದ್ರಲ್ರಿ? ನಮ್ಮ ಹೊಲಕ್ಕ ಬರ್ರಿ, ನಾನು ಹೊಂದಿಸಿ ಇಟ್ಟಿರ್ತೇನಿ. ಅದನ್ನೂ ನೋಡೂಣು" ಎಂದ.

ನಾನು ವೈಷ್ಣವರ ಮನೆಯಲ್ಲಿ ಹುಟ್ಟಿದವನು. 'ಪ್ರಾಣಿಜನ್ಯ ಕೊಬ್ಬು' ಎಂದು ಹಲಗೆಯ ಮೇಲೆ ಸಾವಿರ ಸಲ ಬರೆದಿದ್ದೇನೆ, ಕಣ್ಣಿನಿಂದ ಒಂದು ಸಲವೂ ಕಂಡವನಲ್ಲ. ಹೋಗಬೇಕೋ ಬೇಡವೋ ಎಂದು ಮೂರು ದಿನ ತೂಗಾಡಿದೆ. ಕಡೆಗೆ ಕುತೂಹಲ ಗೆದ್ದಿತು. ಭಾನುವಾರ ಬೆಳಗ್ಗೆ ತಂಗಡಗಿಗೆ ಹೋಗಿ, ಮೂಗಿಗೆ ಟವೆಲ್ ಕಟ್ಟಿಕೊಂಡು ಅವನ ಇಂಜಿನ್ ಮನೆಯ ಮುಂದೆ ನಿಂತೆ. ಖಟಗರ ಮಾಂಸದ ಅಂಗಡಿಯಲ್ಲಿ ಬೇಡವೆಂದು ಬಿಟ್ಟ ಕುರಿಯ ಕೊಬ್ಬನ್ನು ಯಮನಪ್ಪ ತಂದಿದ್ದ. ಮೂರು ಕಲ್ಲು ಹೂಡಿ, ಬೋಗುಣಿಯಲ್ಲಿ ಹಾಕಿ, ಅದು ಚಟಪಟ ಎನ್ನುವುದು ನಿಲ್ಲುವ ತನಕ ಕರಗಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟ. ನಾನು ಬೆಂಕಿಯಿಂದ ದೂರ ಹೋಗಿ, ಮನೆಯಲ್ಲಿ ಮಾಡಿದಂತೆಯೇ ಮಾಡಿದೆ. ಅದೇ ಮೆಥನಾಲ್, ಅದೇ ಸೋಡಾ, ಇದೇ ಕೈ.

ಒಂದು ತಾಸಿನ ಮೇಲೆ ಬಾಟಲಿ ಎತ್ತಿ ಬಿಸಿಲಿಗೆ ಹಿಡಿದೆವು. ಮೇಲೆ ಜೇನಿನ ಬಣ್ಣದ ತಿಳಿ, ಕೆಳಗೆ ಕಂದು ಗ್ಲಿಸರಿನ್, ನಡುವೆ ಗೆರೆ ಕೊರೆದಂತೆ ಸ್ಪಷ್ಟ! ಟವೆಲ್ ಕಿತ್ತೆಸೆದು, "ಆತಲ್ಲೋ ಯಮನಪ್ಪಾ!" ಎಂದು ಕೂಗಿದೆ. ಆದರೆ ಅದು ಒಂದು ಸೋಡಾ ಬಾಟಲಿಯಷ್ಟೂ ಇರಲಿಲ್ಲ. "ಇಷ್ಟರಾಗ ಇಂಜಿನ್ ಕೆಮ್ಮೂದೂ ಇಲ್ರಿ ಸರ" ಎಂದು ಯಮನಪ್ಪ ಅದನ್ನು ಗೂಟಕ್ಕೆ ತೂಗುಹಾಕಿದ. ಮಾಘದ ಚಳಿಗೆ ಮರುದಿನ ಮುಂಜಾನೆ ಅದು ತುಪ್ಪದಂತೆ ಹೆಪ್ಪುಗಟ್ಟಿತ್ತಂತೆ. ಇಂಜಿನ್ನಿನ ಸಣ್ಣ ನಳಿಗೆಗಳಲ್ಲಿ ಅದು ಹೆಪ್ಪುಗಟ್ಟಿದರೆ ಆಯಿತು ಕಲ್ಯಾಣ. ಭಜಿ ಎಣ್ಣೆಯೇ ಬೇಕು.

ಅವತ್ತು ಹೊಳೆಯಲ್ಲಿ ತಲೆಯ ಮೇಲೆ ಸ್ನಾನ ಮಾಡಿಯೇ ಮನೆಗೆ ಬಂದೆ. "ಮತ್ತ ಹೊಳಿ ಸ್ನಾನಾ?" ಎಂದು ಸುಮತಿ ಹುಬ್ಬೇರಿಸಿದಳು. ಅವ್ವ, "ಇರಲಿ ಬಿಡು, ವಯಸ್ಸಾದಂಗ ಬುದ್ಧಿ ಬಂದದ" ಎಂದು ಸಂತೋಷಪಟ್ಟಳು. ನಾನು ಹೋಗಿ ತಲೆ ಒರೆಸಿಕೊಂಡೆ.

ಆದರೆ ನನ್ನ ತಲೆ ತಿರುಗಹತ್ತಿತು. ಅಶುದ್ಧವೆಂದು ಮೂಗು ಮುಚ್ಚಿಕೊಂಡು ಮಾಡಿದ್ದು ಒಂದೇ ಸಲಕ್ಕೆ ಆಗುತ್ತದೆ, ಶುದ್ಧ ಸಸ್ಯಾಹಾರಿ ಎಣ್ಣೆ ಮೂರು ಸಲ ಕೆಡುತ್ತದೆ! ಕೈ ಒಂದೇ, ಸೋಡಾ ಒಂದೇ. ಬೇರೆ ಇದ್ದದ್ದು ಎಣ್ಣೆ. ಹಾಗಾದರೆ ತಪ್ಪು ಶಾಂತವ್ವನದು. ಹಿಟ್ಟಿನ ನೀರು ಬಿದ್ದ ಎಣ್ಣೆಯನ್ನು ನನಗೆ ಸಾಗಿಸುತ್ತಿದ್ದಾಳೆ. ನಾಲ್ಕನೆಯ ಸಲ ತಂದು ಎರಡು ದಿನವಾಗಿದ್ದ ಕ್ಯಾನನ್ನು ಎತ್ತಿಕೊಂಡು ಅವಳ ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ, "ಶಾಂತವ್ವಾ, ಎಣ್ಣ್ಯಾಗ ನೀರು ಹಾಕ್ತೀ ಏನು?" ಎಂದೆ.

ಆಕೆ ಭಜಿ ಎತ್ತುವ ಝಾರಿ ಕೆಳಗಿಟ್ಟಳು. "ಏನಂದ್ರಿ ಮಾಸ್ತರ? ಹಾಲಿಗೆ ನೀರ ಹಾಕಾವ್ರನ್ನ ನೋಡೇನಿ, ಎಣ್ಣಿಗೆ ನೀರ ಹಾಕಾವ್ರನ್ನ ನಮ್ಮಪ್ಪನ ಕಾಲದಾಗೂ ನೋಡಿಲ್ಲ. ಎಣ್ಣ್ಯಾಗ ನೀರಿದ್ರ ನಾ ಮಾರಿ ಸುಟಗೊಂಡು ಕುಂದರಬೇಕಾಗ್ತೈತಿ. ಬರ್ರಿ ಇಲ್ಲಿ." ನನ್ನನ್ನು ಒಲೆಯ ಹತ್ತಿರ ಕರೆದು ಸಣ್ಣ ಬಾಣಲೆಯೊಂದನ್ನು ಕಾಯಲು ಇಟ್ಟಳು. ಮೊದಲು ತಾನು ಚೆಲ್ಲಲು ತೆಗೆದಿಟ್ಟಿದ್ದ ಎಣ್ಣೆ ಒಂದು ಚಮಚ ಹಾಕಿದಳು. ಅದು ಸದ್ದಿಲ್ಲದೆ ಕೂತಿತು. ಆಮೇಲೆ ನನ್ನ ಕ್ಯಾನನ್ನು ಅಲುಗಾಡಿಸಿ ಅದರೊಳಗಿನದು ಒಂದು ಚಮಚ ಹಾಕಿ ಹಿಂದೆ ಸರಿದಳು. ಚಟ್, ಚಟ್, ಚಟಾರ್! ನನ್ನ ಕನ್ನಡಕಕ್ಕೇ ಎರಡು ಹನಿ ಸಿಡಿಯಿತು. ಮಿರ್ಚಿ ತಿನ್ನುತ್ತಿದ್ದವರೆಲ್ಲ ಬಾಯಿ ಬಿಟ್ಟು ನೋಡಿದರು.

"ಕೇಳಿದ್ರಿ? ನನ್ನ ಕಡೆಯಿಂದ ಹೋಗುಮುಂದ ಸುಮ್ಮನಿತ್ತು. ನಿಮ್ಮ ಮನಿಗೆ ಹೋಗಿ ಮಾತ ಕಲತು ಬಂದೈತಿ. ನೀರು ನಿಮ್ಮ ಮನ್ಯಾಗ ಬಿದ್ದೈತ್ರಿ ಸರ."

ಗಿರಾಕಿಗಳು ಹೋ ಎಂದು ನಕ್ಕರು. ನಾನು ತಪ್ಪಾಯಿತೆಂದು ಕೈ ಮುಗಿದೆ. ಆಕೆ ಸಿಟ್ಟು ಇಳಿದ ಮೇಲೆ ಹೊಸ ಎಣ್ಣೆಯ ಕ್ಯಾನು ಕೊಟ್ಟಳು. ದಂಡವೆಂದು ಎರಡು ಪ್ಲೇಟ್ ಮಿರ್ಚಿ ತಿನಿಸಿದಳು.

ನೀರು ಎಲ್ಲಿಂದ ಬೀಳುತ್ತದೆಂದು ಪತ್ತೆ ಹಚ್ಚಲು ಮರುದಿನ ಬೆಳಗ್ಗೆ ನಾನು ಹಿತ್ತಲ ಕೋಣೆಯ ಮೂಲೆಯಲ್ಲಿ, ಹರಕು ಚಾಪೆಯ ಹಿಂದೆ, ಸೈಕಲ್ಲಿಗೆ ಒರಗಿಕೊಂಡು ಕೂತೆ. ಅರವತ್ತರ ಹತ್ತಿರ ಬಂದ ಅಸೋಸಿಯೇಟ್ ಪ್ರೊಫೆಸರ್ ತನ್ನ ಮನೆಯಲ್ಲೇ ಅಡಗಿ ಕೂಡುವುದೆಂದರೇನು ಎಂದು ನನಗೇ ನಾಚಿಕೆಯಾಯಿತು. ಬಾವಿಯ ರಾಟೆ ಕಿರ್ರೆಂದಿತು. ಸ್ನಾನ ಮಾಡಿ ಮಡಿ ಉಟ್ಟ ಅವ್ವ, ಕೈಯಲ್ಲಿ ಪಂಚಪಾತ್ರೆ ಹಿಡಿದು ಮೆಲ್ಲಗೆ ಬಂದಳು. ಕ್ಯಾನಿನ ಮುಚ್ಚಳ ತಿರುವಿ ತೆಗೆದಳು. ಏನೋ ಮಣಮಣ ಹೇಳುತ್ತ ಉದ್ಧರಣೆಯಿಂದ ಒಂದು ಚಮಚ ನೀರು ಹಾಕಿದಳು. ಎರಡು. ಮೂರು. ಕ್ಯಾನಿನ ಗಾತ್ರವನ್ನೊಮ್ಮೆ ನೋಡಿದಳು. ಇಷ್ಟಕ್ಕೆ ಸಾಲದು ಎನಿಸಿರಬೇಕು, ಪಂಚಪಾತ್ರೆಯನ್ನೇ ಬಗ್ಗಿಸಿಬಿಟ್ಟಳು.

"ಅವ್ವಾ!" ಎಂದು ನಾನು ಎದ್ದೆ. ಸೈಕಲ್ಲು ಬಿತ್ತು.

ಅವ್ವ ಬೆಚ್ಚಿದಳು, ಆದರೆ ಕ್ಷಣಮಾತ್ರ. ನನಗೆ ಸಿಟ್ಟು ನೆತ್ತಿಗೇರಿತ್ತು. ಒಂದೂವರೆ ತಿಂಗಳು ಹಾಳಾಯಿತು, ಯಮನಪ್ಪನ ಮುಂದೆ ಮಾನ ಹೋಯಿತು, ಶಾಂತವ್ವನ ಅಂಗಡಿಯಲ್ಲಿ ಮಂದಿ ನಕ್ಕರು, ಎಲ್ಲ ನಿನ್ನ ಈ ನೀರಿನಿಂದ ಎಂದು ಕೂಗಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವಳ ಕಡಾಯ್ಯಾಗ ಉಳ್ಳಾಗಡ್ಡಿ ಭಜಿ ಕರೀತಾಳ, ತತ್ತೀನೂ ಕರೀತಾಳಂತ. ನೀ ಆಕಾಶ ನೋಡಿದಾಗs ನನಗ ತಿಳೀತು. ಬಾವಿ ದಂಡೀಗೆ ಅಂಥಾದ್ದು ತಂದಿಟ್ರ ನಾ ಏನು ಮಾಡಬೇಕು? ಮ್ಯಾಲೆ ಚಿಮುಕಿಸಿದ್ರ ಡಬ್ಬಿ ಶುದ್ಧ ಆಗತದ, ಒಳಗಿನ ಎಣ್ಣಿ ಹ್ಯಾಂಗ ಶುದ್ಧ ಆಗಬೇಕು?" ಎಂದಳು.

"ಅದಕ್ಕಂತ ನೀರು ಹಾಕೂದೇನವ್ವಾ?" ಎಂದೆ.

"ನಾ ಹಾಕಿದ್ದು ನಾಕು ಉದ್ಧರಣಿ ನೀರು. ಅಷ್ಟಕ್ಕs ಕೆಟ್ಟು ಹೋಗತದಂದ್ರ ಅದೆಂಥಾ ಶಾಸ್ತ್ರೋ ನಿಂದು?" ಎಂದಳು. ಅವಳ ಧ್ವನಿ ಯಾಕೋ ಸಣ್ಣಗಾಯಿತು. "ಅಡಿಗೀ ಮನಿ ಸುಮತೀಗೆ ಕೊಟ್ಟೆ. ಪೂಜಿ ನೀ ಮಾಡ್ತಿ. ಇದೊಂದು ನನ್ನ ಕೆಲಸ ಉಳದದಪಾ" ಎಂದು ಪಂಚಪಾತ್ರೆ ಎತ್ತಿಕೊಂಡು ಹೋದಳು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಎಂಬತ್ನಾಲ್ಕು ವರ್ಷದವಳ ಮೇಲೆ ಕೂಗಾಡಿದೆನಲ್ಲ ಎಂದು ಬಹಳ ಕೆಡುಕೆನಿಸಿತು.

ಮಾಡುವುದೇನೆಂದು ತೋಚದೆ ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಇಪ್ಪತ್ತು ವರ್ಷದಿಂದ ಕ್ಲಾಸಿಗೆ ಒಯ್ಯುತ್ತಿದ್ದ ಅದೇ ಪುಸ್ತಕ. ಬಯೋಡೀಸೆಲ್ ತಯಾರಿಕೆಯ ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಮೊದಲ ಸಾಲು: 'ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ತೇವಾಂಶ ಪೂರ್ತಿ ತೆಗೆಯಬೇಕು, ಇಲ್ಲವಾದರೆ ಸಾಬೂನು ಆಗುತ್ತದೆ.' ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಅದೂ ನನ್ನದೇ ಅಕ್ಷರ: 'ಪರೀಕ್ಷೆಗೆ ಬರುವುದಿಲ್ಲ, ಬಿಡುವುದು.' ಇಪ್ಪತ್ತು ವರ್ಷ ಹುಡುಗರಿಗೆ ಬಿಡಿಸಿದ್ದೆ, ಕಡೆಗೆ ನಾನೂ ಬಿಟ್ಟಿದ್ದೆ. ಅವ್ವನ ನೀರು ಬೀಳದಿದ್ದರೂ ಯಾವತ್ತಾದರೂ ಒಂದು ದಿನ ಇದು ಕೆಡುವುದೇ ಆಗಿತ್ತು. ತಂಗಡಗಿಯಲ್ಲಿ ಆದದ್ದು ನನ್ನ ಕೈಗುಣದಿಂದಲ್ಲ, ಚಟಪಟ ನಿಲ್ಲುವ ತನಕ ಯಮನಪ್ಪ ಕರಗಿಸಿದ್ದರಿಂದ.

ಅವತ್ತು ಸಂಜೆ ಅವ್ವನ ಹತ್ತಿರ ಹೋಗಿ ಕೂತು, "ನೀ ನೀರು ಹಾಕೂದು ಬಿಡಬ್ಯಾಡವ್ವಾ. ನೀ ಹಾಕು, ನಾ ಕಾಯಿಸಿ ಹಾರಸ್ತೀನಿ" ಎಂದೆ. ಅವಳು ನನ್ನ ತಲೆ ಸವರಿ, "ಜಾಣ" ಎಂದಳು. ಈ ಪದವಿ ನನಗೆ ಸಿಕ್ಕು ಐವತ್ತು ವರ್ಷವಾದರೂ ಆಗಿರಬೇಕು.

ಹಾಗೆಯೇ ಮಾಡಿದೆವು. ಅವ್ವ ಉದ್ಧರಣೆ ಹಾಕಿದಳು, ನಾನು ಸದ್ದು ನಿಲ್ಲುವ ತನಕ ಕಾಯಿಸಿ, ಆರಿಸಿ, ಬೆಂಕಿಯನ್ನೆಲ್ಲ ಹೊರಗೆ ಸಾಗಿಸಿ, ಮುಂದಿನದನ್ನು ಮಾಡಿದೆ. ಬರಣಿಯಲ್ಲಿ ಗೆರೆ ಮೂಡಿತು. ಸ್ಪಷ್ಟ, ನೇರ, ಹಲಗೆಯ ಮೇಲೆ ನಾನು ಎಳೆದ ಯಾವ ಗೆರೆಗಿಂತಲೂ ನೇರ. ಮೇಲಿನ ತಿಳಿಯನ್ನು ಬೇರೆ ತೆಗೆದು, ಸೋಡಾದ ಅಂಶ ಹೋಗಲೆಂದು ಎರಡು ಮೂರು ಸಲ ನೀರಿನಲ್ಲಿ ತೊಳೆದು ಮತ್ತೆ ಒಣಗಿಸಬೇಕಾಗುತ್ತದೆ. ನಾನು ತೊಳೆಯುವುದನ್ನು ಅವ್ವ ಕಣ್ಣರಳಿಸಿ ನೋಡಿ, "ನೋಡು, ಕಡೀಕ ನೀರಿಲೇ ಶುದ್ಧ ಆಗಬೇಕಾತಿಲ್ಲೋ?" ಎಂದಳು. ಎರಡು ಸಲ ಮಾಡಿ ಒಂದು ಕ್ಯಾನು ತುಂಬಿಸಿದೆ. ಓಣಿಯವರಿಗೆ ಇನ್ನು ಸಾಬೂನು ಇಲ್ಲವೆಂದು ತಿಳಿದು ಬೇಸರವಾಯಿತು. ಸುಮತಿಗಂತೂ ನನ್ನ ಯಶಸ್ಸು ಒಂದು ನಷ್ಟದಂತೆಯೇ ಕಂಡಿತು.

ನಿವೃತ್ತಿಗೆ ಹನ್ನೊಂದು ದಿನ ಇರುವಾಗ ಕ್ಯಾನು ಹಿಡಿದು ತಂಗಡಗಿಗೆ ಹೋದೆವು. ಅವ್ವ, ಸುಮತಿ ಇಬ್ಬರೂ ಬಂದರು. ಬಿಸಿಲು ಜೋರಾಗಿತ್ತು, ಕರೆಂಟು ಇರಲಿಲ್ಲ, ಉಳ್ಳಾಗಡ್ಡಿಗೆ ಕಡೆಯ ನೀರು ಬೇಕಾಗಿತ್ತು. ಯಮನಪ್ಪ ಟ್ಯಾಂಕಿನ ಡೀಸೆಲ್ ಬಸಿದು, ನಾನು ಕೊಟ್ಟದ್ದನ್ನು ಬಟ್ಟೆಯಲ್ಲಿ ಸೋಸಿ ಹಾಕಿದ. ಕಸ್ತೂರಿ ಇಂಜಿನ್ನಿಗೆ ಕೈ ಮುಗಿದು, ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ನಮಸ್ಕಾರವಿರಲಿಲ್ಲ.

ಅವನು ಹ್ಯಾಂಡಲ್ ಹೊಡೆದ. ಇಂಜಿನ್ ಎರಡು ಸಲ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ನಿಂತಿತು.

ಅವನ ಅಪ್ಪನ ಇಂಜಿನ್ನು, ಅವನ ಉಳ್ಳಾಗಡ್ಡಿ, ನನ್ನ ಬಾಯಿಚಪಲ. ಕಸ್ತೂರಿ, "ನಾ ಅಂದಿದ್ದೆ" ಎಂದಷ್ಟೇ ಅಂದಳು. ಯಮನಪ್ಪ ಮಾತ್ರ ಗಡಿಬಿಡಿಯಿಲ್ಲದೆ ಪಾನಾ ತೆಗೆದುಕೊಂಡು ನಳಿಗೆಯ ನಟ್ಟು ಸಡಿಲಿಸಿ, ಒಳಗೆ ಸಿಕ್ಕ ಗಾಳಿ ಬಿಟ್ಟು, ಮತ್ತೆ ಬಿಗಿದ. "ಟ್ಯಾಂಕ್ ಬಸದ್ರ ಗಾಳಿ ಹಿಡೀತೈತ್ರಿ, ನಿಮ್ಮ ಎಣ್ಣೀದೇನ್ ತಪ್ಪಿಲ್ಲ" ಎಂದು ಇನ್ನೊಮ್ಮೆ ಹ್ಯಾಂಡಲ್ ಹೊಡೆದ.

ಡುಗ್. ಡುಗ್ ಡುಗ್. ಡುಗುಡುಗುಡುಗು. ಹೊಳೆಯ ನೀರು ಪೈಪಿನಿಂದ ಭಳ್ಳೆಂದು ಕಾಲುವೆಗೆ ಬಿತ್ತು. ಹೊಗೆಯೊಳಗಿಂದ ಅಪ್ಪಟ ಭಜಿಯ ವಾಸನೆ! ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಎದ್ದು ನಿಂತು, ಯಾರು ಕರಿಯುತ್ತಿದ್ದಾರೆ ಎಂದು ಕೇಳಿದರು. ಕಸ್ತೂರಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಒರೆಸಿಕೊಂಡೆ. ನೀರು ಮೊದಲ ಸಾಲು ದಾಟಿ ಎರಡನೆಯ ಸಾಲಿಗೆ ಹರಿಯುವುದನ್ನು ನೋಡುತ್ತ, ಎದೆ ಉಬ್ಬಿಸಿ, ಕೈ ಹಿಂದೆ ಕಟ್ಟಿ ನಿಂತೆ.

ಯಮನಪ್ಪ ಬಂದು ನನ್ನ ಪಕ್ಕದಲ್ಲಿ ನಿಂತ. ಅವನೂ ನೀರನ್ನೇ ನೋಡುತ್ತಿದ್ದ. "ಸರ, ಆವಾಗ ಕ್ಲಾಸಿನ್ಯಾಗ ಹಿಂಗ ಒಮ್ಮಿ ಮಾಡಿ ತೋರ್ಸಿದ್ರ ನಾನೂ ಪಾಸ್ ಆಗತಿದ್ನಲ್ರಿ" ಎಂದ.

ಮಾತಿನಲ್ಲಿ ದೂರು ಇರಲಿಲ್ಲ, ಸಂತೋಷದಿಂದಲೇ ಹೇಳಿದ್ದ. ಅದಕ್ಕೇ ಅದು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಇಂಜಿನ್ ಹೇಗೂ ಕಿವಿ ಒಡೆಯುವಂತೆ ಬಡಿದುಕೊಳ್ಳುತ್ತಿತ್ತು, ನಾನೇ ಮಾಡಿದ ಡೀಸೆಲ್ಲು, ಅಷ್ಟಾದರೂ ಉಪಕಾರ ಮಾಡಲಿ ಎಂದು ಕಿವಿಗೆ ಕೈ ಹಚ್ಚಿ, ಕೇಳಿಸದವನಂತೆ, "ಏನಂದಿ?" ಎಂದೆ.

ಯಮನಪ್ಪ ಸಭ್ಯ. ಗುರುಗಳಿಗೆ ಕೇಳಿಸಲಿಲ್ಲವೆಂದು ನಂಬಿ, ಹೋಗಿ ಇಂಜಿನ್ ಬಂದ್ ಮಾಡಿ ಬಂದ. ಅವ್ವ, ಸುಮತಿ, ಕಸ್ತೂರಿ, ಪಕ್ಕದ ಹೊಲದವರು ಎಲ್ಲರೂ ತಿರುಗಿ ನೋಡುತ್ತಿದ್ದಾಗ, ಆ ನಿಶ್ಶಬ್ದದಲ್ಲಿ, ಒಂದಕ್ಷರ ಬಿಡದೆ ಇನ್ನೊಮ್ಮೆ ಹೇಳಿದ.